ತಲೆ ಬೆಳ್ಳಗಾದ ವಾಲ್ವೂ ಕೊಟ್ರೇಶಿಯ ಪೆನ್ಸಿಲ್ಲೂ

ಹರಿಹರದ ಹೊಳೆದಂಡೆ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಾಕೆ ಇದ್ದಳು. ಅವಳಿಗೆ ಒಬ್ಬ ಮಗ ಇದ್ದ, ಕೊಟ್ರೇಶಿ. ಇನ್ನೊಬ್ಬ ಇರಲಿಲ್ಲ. ದೇವರಿಗೂ ಒಂದು ಅಳತೆ ಅಂತ ಇರುತ್ತದೆ ನೋಡಿ.

ಕೊಟ್ರೇಶಿ ಎತ್ತರಕ್ಕೆ ಎತ್ತರ, ದಪ್ಪಕ್ಕೆ ದಪ್ಪ, ಹೇಳಿದ ಮಾತು ಮೀರುವವನಲ್ಲ. ಅದೇ ಅವನ ರೋಗ. "ಹಾಲು ಉಕ್ಕಿದರೆ ಕೂಗಲೇ" ಅಂತ ಒಲೆ ಮುಂದೆ ಕೂರಿಸಿ ಹೋದರೆ, ಹಾಲು ಏರುವುದನ್ನು ನೋಡುವನು, ಅಂಚಿಗೆ ಬರುವುದನ್ನು ನೋಡುವನು, ಉಕ್ಕಿ ಹರಿದು ಒಲೆಯೆಲ್ಲ ತೊಯ್ದು ಬೆಂಕಿ ಆರಿದ ಮೇಲೆ, "ಅವ್ವಾ, ಉಕ್ಕಿತು!" ಅಂತ ಕೂಗುವನು. ಹಾಲಮ್ಮ ಓಡಿ ಬಂದು ಒಲೆ ನೋಡಿ, ಮಗನನ್ನು ನೋಡಿ, ಬಲಗೈ ಎತ್ತಿ ಹಣೆಗೆ ಬಡಿದುಕೊಳ್ಳುವಳು. ಟಪ್!

ಆ ಸದ್ದು ಓಣಿಗೆಲ್ಲ ಪರಿಚಯ. ಟಪ್ ಅಂತು ಅಂದರೆ, "ಕೊಟ್ರ ಏನೋ ಮಾಡಿದ" ಅಂತ ಜನ ಕೈಲಿದ್ದ ಕೆಲಸ ಬಿಟ್ಟು ಕಿವಿ ನಿಮಿರಿಸುತ್ತಿದ್ದರು. ಪುಕ್ಕಟೆ ನಾಟಕ ಯಾರಿಗೆ ಬೇಡ?

ಇಂಥವನಿಗೆ ಮೂವತ್ತಕ್ಕೆ ಎರಡು ಕಡಿಮೆ ಆಯಿತು. ಮದುವೆ ಆಗಬೇಕಲ್ಲ! ಮೊದಲ ಸಂಬಂಧದವರು ಬಂದು, "ಏನು ಓದಿದೀಯಪ್ಪ?" ಅಂದರು. "ಈಗ ಬರುವಾಗ ಬಸ್ಸಿನ ಬೋರ್ಡು ಓದಿದೆ" ಅಂದ. ಅವರು ಅದೇ ಬಸ್ಸಿಗೆ ಹೋದರು. ಎರಡನೆಯವರು, "ನಿಮ್ಮ ಮನೆಯಲ್ಲಿ ಏನು ನಡೆಯುತ್ತಪ್ಪ?" ಅಂದರು. "ಇರುವೆ" ಅಂದ. ಮೂರನೆಯವರು ಏನನ್ನೂ ಕೇಳಲಿಲ್ಲ, ಬರಲೂ ಇಲ್ಲ. ಎರಡನೆಯವರು ಅವರಿಗೆ ನೆಂಟರು.

ಹಾಲಮ್ಮ ಕೈಚೆಲ್ಲಿ ಕೂತಿದ್ದಳು. ಆಗ ಬಂತು ರಾಣೇಬೆನ್ನೂರಿನಿಂದ ಒಂದು ಕಾಗದ.

ಬರೆದವರು ಗುರುಶಾಂತಪ್ಪನವರು. ಮಗಳಿಗೆ ಗಂಡು ಹುಡುಕುತ್ತಿದ್ದರು. ದೊಡ್ಡ ಸಂಗೀತಪ್ರೇಮಿಗಳು. ಹಾಡುವವರಲ್ಲ, ಬಾರಿಸುವವರಲ್ಲ, ಕೇಳುವವರು. ಕೇಳಿ, ಉಳಿದವರಿಗೆ ಕಿವಿಯಿಲ್ಲ ಅಂತ ಹೇಳುವವರು. ಟ್ರಾನ್ಸಿಸ್ಟರ್ ರೇಡಿಯೋ ಹಚ್ಚಿದ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. "ಅದು ದನಿಯೇನ್ರಿ? ಮೂರು ದಿನದ ಒಣ ರೊಟ್ಟಿ! ದನಿ ಅಂದ್ರೆ ಹಳೇ ಗಾಜಿನ ವಾಲ್ವಿನದು. ತುಪ್ಪ ಸುರಿದ ಹಾಗೆ!" ಅನ್ನುವರು. ಅವರ ಕಾಗದದಲ್ಲಿ ಇಷ್ಟೇ ಇತ್ತು: "ನಾನು ಹುಡುಗನ ಬುದ್ಧಿ ನೋಡುವವನಲ್ಲ. ಮನೆಯ ನಾದ ನೋಡುವವನು. ತಮ್ಮ ಯಜಮಾನರ ಸೆಟ್ಟಿನ ಹೆಸರು ಕೇಳಿದ್ದೇನೆ. ಬರುವ ಸೋಮವಾರ ಬಂದು ಅದರಲ್ಲಿ ಒಂದು ಶಹನಾಯಿ ಕೇಳುತ್ತೇನೆ. ನಾದ ಸರಿ ಇದ್ದರೆ ಅಲ್ಲೇ ತಾಂಬೂಲ."

ಬುದ್ಧಿ ನೋಡುವವರಲ್ಲ! ಹಾಲಮ್ಮ ಆ ಸಾಲನ್ನು ಮೂರು ಸಲ ಓದಿಸಿ ಕೇಳಿದಳು. ಇಂಥ ಬೀಗರು ಈ ಭೂಮಿಯ ಮೇಲೆ ಇನ್ನೊಬ್ಬರು ಹುಟ್ಟಿರಲಾರರು. ಈ ಸಂಬಂಧ ತಪ್ಪಿತೋ, ಮಗ ಮುದುಕನಾಗುವ ತನಕ ಒಲೆಯ ಮುಂದೆ ಕೂತು "ಉಕ್ಕಿತು" ಅನ್ನುತ್ತಿರಬೇಕು.

ಇನ್ನು ಆ ಸೆಟ್ಟಿನ ವಿಷಯ. ಹಾಲಮ್ಮನ ಗಂಡ ಚನ್ನವೀರಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಇರುವಷ್ಟು ದಿನ ಊರಿಗೆಲ್ಲ ಸಿನಿಮಾ ತೋರಿಸಿ, ಮಿಕ್ಕ ಹೊತ್ತಿನಲ್ಲಿ ಮನೆಯಲ್ಲಿ ಕೂತು ಒಂದು ಸೆಟ್ಟು ಕಟ್ಟಿದ್ದ. ರೆಕಾರ್ಡು ತಿರುಗುವ ಪೆಟ್ಟಿಗೆ, ಕಪಾಟಿನಷ್ಟು ಎತ್ತರದ ಸ್ಪೀಕರು, ನಡುವೆ ಒಂದು ಚಿಕ್ಕ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆ. ಚಿಕ್ಕದರ ಹೆಸರು ಪ್ರಿಯಾಂಪ್ಲಿಫೈಯರ್. ರೆಕಾರ್ಡಿನ ಮೇಲೆ ಓಡುವ ಮುಳ್ಳಿನದು ಇರುವೆಯ ದನಿ. ಚಿಕ್ಕ ಪೆಟ್ಟಿಗೆ ಅದನ್ನು ಆಡಿನ ದನಿ ಮಾಡುತ್ತದೆ. ದೊಡ್ಡ ಪೆಟ್ಟಿಗೆ ಆಡನ್ನು ಆನೆ ಮಾಡುತ್ತದೆ. ಆ ಚಿಕ್ಕ ಪೆಟ್ಟಿಗೆಯ ನೆತ್ತಿಯ ಮೇಲೆ ಹೆಬ್ಬೆರಳು ಗಾತ್ರದ ಎರಡು ಗಾಜಿನ ವಾಲ್ವು. ಹೊತ್ತಿಕೊಂಡರೆ ಒಳಗೆ ಕೆಂಡದ ಚುಕ್ಕಿ. ತಲೆಯ ಮೇಲೆ ಕನ್ನಡಿಯ ಹಾಗೆ ಬೆಳ್ಳಿಯ ಬಣ್ಣ.

ಗುರುವಾರ ಬೆಳಗ್ಗೆ ಹಾಲಮ್ಮ ಧೂಳು ಕೊಡವಿ ಸ್ವಿಚ್ಚು ಹಾಕಿದಳು. ದೊಡ್ಡ ಪೆಟ್ಟಿಗೆ ಹೊತ್ತಿಕೊಂಡಿತು. ಚಿಕ್ಕ ಪೆಟ್ಟಿಗೆ ಹೊತ್ತಲಿಲ್ಲ. ಎರಡು ವಾಲ್ವಿನ ತಲೆಯೂ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಗಾಜಿನ ಮೇಲಿನ ನಂಬರು ಅಳಿಸಿಹೋಗಿತ್ತು.

"ಕೊಟ್ರಾ! ಈ ಎರಡನ್ನೂ ಕಿತ್ತು ಮಾದರಿಗೆ ತಗೊಂಡು ರೇಡಿಯೋ ಖಲಂದರ್ ಸಾಬ್ರ ಅಂಗಡಿಗೆ ಹೋಗು. ಇಂಥವೇ ಎರಡು ಬೇಕು. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು!"

"ಆಯ್ತವ್ವ. ಕೂದಲೆಳೆಯಷ್ಟೂ!"

ಹೋದ. ಸಾಬರು ಡಬ್ಬಿ ತೆಗೆದು ಮಿರಮಿರ ಮಿಂಚುವ ಎರಡು ವಾಲ್ವು ಕೊಟ್ಟರು.

"ಇವಲ್ಲ ಸಾಬ್ರೆ. ಇವುಗಳ ತಲೆ ಬೆಳ್ಳಿ. ನಮ್ಮವು ಸುಣ್ಣ."

"ಅರೆ, ಹೊಸವು ಹಾಗೇ ಇರ್ತಾವಪ್ಪ."

"ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಅಂದಾಳೆ ನಮ್ಮವ್ವ. ನಮ್ಮದರ ಒಂದು ಕಾಲು ಸೊಟ್ಟಗಿದೆ. ಕತ್ತು ಕಪ್ಪಗಿದೆ. ಒಳಗೆ ತಂತಿ ಹರಿದಿದೆ. ಎಲ್ಲಿ, ತೋರಿಸ್ರಿ!"

ಸಾಬರು ಬೆಸುಗೆ ಹಾಕುವ ಕೆಲಸದಲ್ಲಿದ್ದರು. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. "ಆ ಮೂಲೇಲಿ ಒಂದು ತಗಡಿನ ಡಬ್ಬ ಇದೆ. ಅದರಲ್ಲಿ ಹುಡುಕ್ಕೋ ಹೋಗು" ಅಂದರು. ಡಬ್ಬದಲ್ಲಿ ಹತ್ತು ವರ್ಷದ ಸತ್ತ ವಾಲ್ವುಗಳು. ಕೊಟ್ರೇಶಿ ನೆಲಕ್ಕೆ ಕೂತು, ಒಂದೊಂದನ್ನೇ ಬೆಳಕಿಗೆ ಹಿಡಿದು, ಮಧ್ಯಾಹ್ನದ ತನಕ ಹುಡುಕಿದ. ಸುಣ್ಣದ ತಲೆ, ಸೊಟ್ಟ ಕಾಲು, ಕಪ್ಪು ಕತ್ತು, ಹರಿದ ತಂತಿ. ಸಿಕ್ಕವು! ಅವಳಿ ಜವಳಿ!

ಮನೆಗೆ ಕುಣಿಯುತ್ತ ಬಂದು ನಾಲ್ಕನ್ನೂ ಸಾಲಾಗಿ ಇಟ್ಟ. "ಅವ್ವಾ, ಯಾವುದು ಹಳೇದು, ಯಾವುದು ಹೊಸದು, ಹೇಳು ನೋಡೋಣ!"

ಹಾಲಮ್ಮ ನೋಡಿದಳು. ಟಪ್!

"ಸತ್ತದ್ದನ್ನ ಕೊಟ್ಟು ಕಳಿಸಿದರೆ ಸತ್ತದ್ದನ್ನೇ ತಂದೆಯಲ್ಲೋ! ವಾಲ್ವು ಅಂದ್ರೆ ಒಳಗೆ ಏನೂ ಇರಬಾರದು, ಗಾಳೀನೂ ಇರಬಾರದು. ಗಾಳಿ ಹೊಕ್ಕರೆ ತಲೆ ಬೆಳ್ಳಗಾಗುತ್ತೆ. ತಲೆ ಬೆಳ್ಳಗಾಯ್ತು, ಒಳಗೆ ಗಾಳಿ ಹೋಯ್ತು ಅಂದ್ರೆ ಸತ್ತಿತು ಅಂತ. ತಿಳೀತಾ?"

"ತಿಳೀತವ್ವ. ತಲೆ ಬೆಳ್ಳಗೆ, ಒಳಗೆ ಗಾಳಿ. ಸತ್ತಿತು."

ಚನ್ನವೀರಪ್ಪನಿಗೆ ಬುದ್ಧಿ ಇತ್ತು, ಹಾಲಮ್ಮನಿಗೂ ಇತ್ತು. ಇಬ್ಬರ ಬುದ್ಧಿ ಸೇರಿ ಎಲ್ಲಿ ಸೋರಿಹೋಯಿತೋ!

ಶುಕ್ರವಾರ ಮತ್ತೆ ಕಳಿಸಿದಳು. ಮಧ್ಯಾಹ್ನದ ಹೊತ್ತು. ಸಾಬರು ನಮಾಜು ಮುಗಿಸಿ, ಊಟ ಮುಗಿಸಿ, ಅಂಗಡಿಯಲ್ಲಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಟೋಪಿ ತೊಡೆಯ ಮೇಲಿತ್ತು. ತಲೆ ಹತ್ತಿಯಷ್ಟು ಬೆಳ್ಳಗೆ.

ಕೊಟ್ರೇಶಿ ಬಾಗಿಲಲ್ಲೇ ನಿಂತ. ತಲೆ ಬೆಳ್ಳಗಾಗಿದೆ! ಹತ್ತಿರ ಹೋಗಿ ಮೂಗಿನ ಹತ್ತಿರ ಕಿವಿ ಇಟ್ಟ. ಗೊರ್ ಅಂತ ಒಳಗೆ ಹೋಗುತ್ತಿದೆ, ಪುಸ್ ಅಂತ ಹೊರಗೆ ಬರುತ್ತಿದೆ. ಗಾಳಿಯೂ ಹೊಕ್ಕಿದೆ! ಇನ್ನೇನು ಅನುಮಾನ?

"ಅಯ್ಯೋ, ಖಲಂದರ್ ಸಾಬ್ರು ಹೋಗಿಬಿಟ್ರಲ್ರಪ್ಪೋ!"

ಬೀದಿಗೆ ಬೀದಿಯೇ ಎದ್ದು ಬಂತು. ಎದುರಿನ ಹೋಟೆಲಿನವನು ಒಲೆ ಆರಿಸಿದ. ಪಕ್ಕದ ದರ್ಜಿ ಬಿಳಿ ಬಟ್ಟೆಯ ಥಾನು ಎಳೆದು ಕತ್ತರಿ ಹುಡುಕಿದ. ಒಬ್ಬ, "ಎಂಥ ಮನುಷ್ಯ!" ಅಂದ. ಇನ್ನೊಬ್ಬ, "ನನ್ನ ರೇಡಿಯೋ ರಿಪೇರಿಗೆ ಕೊಟ್ಟಿದ್ದೆ, ಮೊದಲು ಅದನ್ನ ಹುಡುಕಿ" ಅಂದ. ಗಲಾಟೆಗೆ ಸಾಬರಿಗೆ ಎಚ್ಚರವಾಯಿತು. ಟೋಪಿ ಹಾಕಿಕೊಂಡು ಹೊರಗೆ ಬಂದು ಕೊಟ್ರೇಶಿಯ ಹೆಗಲ ಮೇಲೆ ಕೈ ಇಟ್ಟು ಕೇಳಿದರು:

"ಯಾರಪ್ಪ ಹೋಗಿದ್ದು?"

"ನೀವೇ ಸಾಬ್ರೆ!" ಅಂದ ಕೊಟ್ರೇಶಿ, ಕಣ್ಣೊರೆಸಿಕೊಳ್ಳುತ್ತ.

ಸಾಬರು ಅವನನ್ನು ರೈಲ್ವೆ ಗೇಟಿನ ತನಕ ಅಟ್ಟಿಸಿಕೊಂಡು ಹೋದರು. ಸತ್ತವರು ಅಷ್ಟು ಓಡಿದ್ದನ್ನು ಹರಿಹರ ಅದುವರೆಗೆ ನೋಡಿರಲಿಲ್ಲ.

ಮಗ ಬರಿಗೈಲಿ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಟಪ್!

"ಬದುಕಿರೋ ಮನುಷ್ಯನ್ನ ಸಾಯಿಸಿ ಬಂದೆಯಲ್ಲೋ! ಬರೇ ಕಣ್ಣಿಂದ ನೋಡಿ ತೀರ್ಮಾನ ಮಾಡ್ತಾರೇನೋ? ಯಾವುದನ್ನೇ ಆಗಲಿ ತಟ್ಟಿ ನೋಡಬೇಕು. ನಾನು ಮಡಕೆ ತಗೊಳ್ಳುವಾಗ ನೋಡಿಲ್ವ? ಬೆರಳಲ್ಲಿ ತಟ್ತೀನಿ. ಠಣ್ ಅಂದ್ರೆ ಗಟ್ಟಿ, ತಗೋಬೇಕು. ಸದ್ದಿಲ್ಲದೆ ದಬ್ ಅಂದ್ರೆ ಒಡಕು, ಬಿಡಬೇಕು. ತಿಳೀತಾ?"

"ತಿಳೀತವ್ವ. ತಟ್ಟಬೇಕು. ಠಣ್ ಅಂದ್ರೆ ತಗೋಬೇಕು."

ಸಂಜೆ ಹಾಲಮ್ಮ ತಾನೇ ಹೋಗಿ ಸಾಬರ ಮುಂದೆ ಕೈಮುಗಿದಳು. ಅವರಿಗೂ ಚನ್ನವೀರಪ್ಪನ ಸ್ನೇಹದ ನೆನಪು. "ಹೋಗ್ಲಿ ಬಿಡಕ್ಕ. ನಾನು ಸತ್ತ ಮೇಲೆ ಯಾರು ಯಾರು ಅಳ್ತಾರೆ, ಯಾರು ರೇಡಿಯೋ ಕೇಳ್ತಾರೆ ಅಂತ ಗೊತ್ತಾಯ್ತು. ನಾಳೆ ಕಳಿಸು" ಅಂದರು.

ಗುರುವಾರದ ಹೊಸ ಜೋಡಿ ಆಗಲೇ ಮಾರಿಹೋಗಿತ್ತು. ಶನಿವಾರ ಸಾಬರು ಎಂಟು ಹಳೆಯ ವಾಲ್ವು ತೆಗೆದು, ಪರೀಕ್ಷೆ ಮಾಡುವ ಸೆಟ್ಟು ಹಚ್ಚಿ, ಸ್ಪೀಕರಿಗೆ ಸಿಕ್ಕಿಸಿ, "ಒಂದೊಂದೇ ಹಾಕಿ ನೋಡು, ಸರಿಯಾಗಿರೋ ಎರಡನ್ನ ಆರಿಸಿಕೋ. ನಾನು ಚಾ ಕುಡಿದು ಬರ್ತೀನಿ" ಅಂತ ಹೋದರು. ನಿದ್ದೆ ಮಾಡಲು ಅವರಿಗೆ ಧೈರ್ಯವಿರಲಿಲ್ಲ.

ಮೇಜಿನ ಮೇಲೆ ಒಂದು ಪೆನ್ಸಿಲ್ಲು ಬಿದ್ದಿತ್ತು. ಕೊಟ್ರೇಶಿ ಅದನ್ನು ತೆಗೆದುಕೊಂಡು ಮೊದಲ ವಾಲ್ವಿನ ತಲೆಗೆ ತಟ್ಟಿದ. ಸ್ಪೀಕರಿನಲ್ಲಿ ಟಿಕ್ ಅಂತ ಸಣ್ಣ ಸದ್ದು. ಛೆ, ಒಡಕು! ಎರಡನೆಯದು, ಟಿಕ್. ಒಡಕು! ನಾಲ್ಕನೆಯದಕ್ಕೆ ತಟ್ಟಿದ ನೋಡಿ, ಠಣ್ಣ್ ಅಂತ ಗುಡಿಯ ಗಂಟೆ ಬಾರಿಸಿದ ಹಾಗೆ! ಏಳನೆಯದು ಅದಕ್ಕಿಂತ ಜೋರು. ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಮನೆಗೆ ಬಂದ.

ಹಾಲಮ್ಮ ಹಾಕಿದಳು. ಕೆಂಡದ ಚುಕ್ಕಿ ಹೊತ್ತಿತು. ಗಂಡನ ಶಹನಾಯಿ ರೆಕಾರ್ಡು ಇಟ್ಟಳು. ಶಹನಾಯಿ ಶುರುವಾಯಿತು. ಹಾಲಮ್ಮ ಖುಷಿಯಿಂದ ಒಂದು ಹೆಜ್ಜೆ ಇಟ್ಟಳು. ಠಣ್! ಇನ್ನೊಂದು ಹೆಜ್ಜೆ. ಠಣ್! ಒಳಗೆ ಲೋಟ ಉರುಳಿತು. ಠಣಾಂಗ್! ಬೀದಿಯಲ್ಲಿ ಲಾರಿ ಹೋಯಿತು, ಸ್ಪೀಕರಿನೊಳಗೆ ಹತ್ತು ಜನ ಕಂಚುಗಾರರು ಕೂತು ಹಂಡೆ ಬಡಿದ ಹಾಗಾಯಿತು. ಹಾಲಮ್ಮ ತಡೆಯಲಾರದೆ ಹಣೆಗೆ ಕೈ ಒಯ್ದಳು. ಟಪ್! ಅದಕ್ಕೂ ಸ್ಪೀಕರು, ಠಣ್! ಅಂತು.

"ಎಷ್ಟು ಗಟ್ಟಿ ನೋಡವ್ವ!" ಅಂದ ಮಗ.

ಚಾ ಕುಡಿದು ಬಂದು ಉಳಿದ ಆರನ್ನು ನೋಡಿದ ಸಾಬರಿಗೆ ಕೆಟ್ಟ ಎರಡೇ ಹೋಗಿವೆ ಅಂತ ಗೊತ್ತಾಗಿ, ಒಳ್ಳೆಯ ಜೋಡಿಯೊಂದನ್ನು ಜೇಬಿಗೆ ಹಾಕಿಕೊಂಡು ಅವರೇ ಓಡಿ ಬಂದಿದ್ದರು. ಬಾಗಿಲಲ್ಲಿ ನಿಂತು, "ಲೇ, ವಾಲ್ವೇನು ಮಡಕೆಯೇನೋ?" ಅಂದರು. "ಇದಕ್ಕೆ ಲೆಕ್ಕ ಉಲ್ಟಾ! ತಟ್ಟಿದಾಗ ಸದ್ದು ಮಾಡಿದ್ರೆ ಕೆಟ್ಟದ್ದು, ಬಿಸಾಕು. ಎಷ್ಟು ಸುಮ್ಮನಿರುತ್ತೋ ಅಷ್ಟು ಒಳ್ಳೇದು. ಇನ್ನೊಂದು ಮಾತು ಕೇಳು. ಇವು ಜೋಡಿ. ಸಮಸಮ ನೋಡಿ ಜೋಡಿ ಮಾಡಿರ್ತೀವಿ. ಒಂದು ಕೆಟ್ಟರೆ ಇನ್ನೊಂದನ್ನ ಇಟ್ಕೋಬಾರದು. ಎರಡನ್ನೂ ತೆಗೆದು ಹಾಕಬೇಕು. ತಿಳೀತಾ?"

"ತಿಳೀತು ಸಾಬ್ರೆ. ಸದ್ದು ಮಾಡಿದ್ರೆ ಕೆಟ್ಟದ್ದು. ಒಂದು ಕೆಟ್ಟರೆ ಜೋಡೀನೂ ತೆಗೀಬೇಕು."

ಸಾಬರು ತಮ್ಮ ಕೈಯಾರೆ ಆ ಒಳ್ಳೆಯ ಜೋಡಿ ಹಾಕಿದರು. ಶಹನಾಯಿ ಎದ್ದಿತು. ಹಾಲಮ್ಮ ನಡೆದಳು, ಠಣ್ ಇಲ್ಲ. ಲಾರಿ ಹೋಯಿತು, ಠಣ್ ಇಲ್ಲ. ಬರೀ ಶಹನಾಯಿ. ಚನ್ನವೀರಪ್ಪ ರಾತ್ರಿ ಆಟ ಮುಗಿಸಿ ಬಂದು ಬೆಳಗಿನ ಜಾವ ಇದನ್ನೇ ಹಾಕಿಕೊಂಡು ಕೂರುತ್ತಿದ್ದ. ಹಾಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇಷ್ಟು ಸಾಕು ಸಾಬ್ರೆ. ಸೋಮವಾರ ಇದೊಂದು ಹಾಡಿಬಿಟ್ರೆ ನನ್ನ ಮಗಂದು ಒಂದು ದಾರಿ ಆಗುತ್ತೆ" ಅಂದಳು.

ಇಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಬೀಗರು ಬಂದರೆ ತಣ್ಣನೆ ನೀರು ಬೇಡವೇ?

ಭಾನುವಾರ, "ಕೊಟ್ರಾ, ಕುಂಬಾರರ ಹತ್ತಿರ ಒಂದು ಹೊಸ ಮಡಕೆ ತಗೊಂಡು ಬಾ" ಅಂದಳು. ಅಂದದ್ದು ಅಷ್ಟೇ.

ಕೊಟ್ರೇಶಿ ಕುಂಬಾರನ ಮುಂದೆ ಕೂತು ಪೆನ್ಸಿಲ್ಲಿನಿಂದ ಒಂದೊಂದು ಮಡಕೆ ತಟ್ಟಿದ. ಠಣ್. ಕೆಟ್ಟದ್ದು! ಠಣ್. ಕೆಟ್ಟದ್ದು! ನಲವತ್ತು ಮಡಕೆ ಕೆಟ್ಟದ್ದು. ಕುಂಬಾರನಿಗೆ ಬೆವರು ಬಂತು. ಕೊನೆಗೆ ಮೂಲೆಯಲ್ಲಿ ಎಸೆದಿದ್ದ ಒಂದನ್ನು ತಟ್ಟಿದ. ದಬ್.

"ಇದು! ಇದು ಸುಮ್ಮನಿದೆ!"

"ಅಪ್ಪಾ, ಅದರ ತಳ ಸೀಳಿದೆ."

"ಸೀಳಿರಲಿ. ಸದ್ದು ಮಾಡಲ್ವಲ್ಲ!"

ದಾರಿಯಲ್ಲಿ ಬರುವಾಗ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಒಂದು ಕೆಟ್ಟರೆ ಇನ್ನೊಂದನ್ನು ಇಟ್ಟುಕೊಳ್ಳಬಾರದಲ್ಲ! ಸೇತುವೆಯ ಮೇಲೆ ನಿಂತು ಎರಡನ್ನೂ ತುಂಗಭದ್ರೆಗೆ ಬಿಟ್ಟ. ಬರಿಗಾಲಲ್ಲಿ, ತಳ ಸೀಳಿದ ಮಡಕೆ ಹೊತ್ತು, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಮಹಾರಾಜನ ಹಾಗೆ ಮನೆಗೆ ಬಂದ.

ಹಾಲಮ್ಮ ಒಂದು ಕೊಡ ನೀರು ಸುರಿದಳು. ಅದು ಅವಳ ಕಾಲು ತೊಳೆದು ಬಚ್ಚಲಿಗೆ ಹೋಯಿತು. ಟಪ್! ಟಪ್! ಆ ದಿನ ಎರಡು.

ಬಯ್ಯಲೂ ಅವಳಲ್ಲಿ ಶಕ್ತಿ ಇರಲಿಲ್ಲ. ಮಗನ ಎರಡೂ ಕೈ ಹಿಡಿದು ಕೂರಿಸಿದಳು. "ನನ್ನಪ್ಪಾ, ನನ್ನ ಬಂಗಾರಾ, ನಾಳೆ ಒಂದು ದಿನ. ಒಂದೇ ದಿನ! ಸೆಟ್ಟಿನ ವಿಷಯಕ್ಕೆ ಸಾಬ್ರು ಹೇಳಿದ್ದು ಬಿಟ್ಟು ಬೇರೆ ಏನೂ ಮಾಡಬೇಡ. ಬೀಗರ ಮುಂದೆ ಬಾಯಿ ತೆರೀಬೇಡ. ಅವರು ಏನಾದ್ರೂ ಕೇಳಿದ್ರೆ, ಮಾತಿನಲ್ಲಿ ಹೇಳಬೇಡ, ಕೈಯಲ್ಲಿ ಮಾಡಿ ತೋರಿಸು. ತಿಳೀತಾ?"

"ತಿಳೀತವ್ವ. ಸಾಬ್ರು ಹೇಳಿದ್ದು ಮಾಡಬೇಕು. ಬಾಯಿ ತೆರೀಬಾರದು. ಕೈಯಲ್ಲಿ ತೋರಿಸಬೇಕು."

ಸೋಮವಾರ ಬೆಳಗ್ಗೆ ಹಾಲಮ್ಮ ಒಳಗೆ ಹೋಳಿಗೆ ತಟ್ಟುತ್ತಿದ್ದಳು. ಪಡಸಾಲೆಯಿಂದ ಟಿಕ್, ಟಿಕ್ ಅಂತ ಕೇಳಿಸಿತು.

"ಏನಲೇ ಅದು?"

"ಸಾಬ್ರು ಹೇಳಿದ್ದು ಮಾಡ್ತಾ ಇದೀನವ್ವ!"

"ಮಾಡು ಮಾಡು" ಅಂದಳು. ಎಷ್ಟೋ ವರ್ಷದ ಮೇಲೆ ಮಗ ಹೇಳಿದ್ದನ್ನ ಸರಿಯಾಗಿ ಮಾಡುತ್ತಿದ್ದಾನೆ ಅಂತ ಅವಳಿಗೆ ಸಮಾಧಾನ. ಒಂದು ಹೋಳಿಗೆ ಅವನಿಗೆ ಅಂತ ಪಕ್ಕಕ್ಕೆ ಎತ್ತಿಟ್ಟಳು.

ಹತ್ತು ಗಂಟೆಗೆ ಗುರುಶಾಂತಪ್ಪನವರು ಬಂದರು. ಒಂದು ಕೊಡೆ, ಒಂದು ಶಾಲು, ತಲೆಯ ಮೇಲೆ ಬೆಳ್ಳನೆಯ ಕೂದಲು. ಕುರ್ಚಿಯಲ್ಲಿ ಕೂತ ತಕ್ಷಣ ಆಜ್ಞೆಗಳು ಶುರು. "ಫ್ಯಾನು ಆರಿಸಿ. ಅದು ನಾದವನ್ನ ಕತ್ತರಿಸುತ್ತೆ. ಕಿಟಕಿ ಮುಚ್ಚಿ. ಬೆಳಕು ದನಿಯನ್ನ ಒಣಗಿಸುತ್ತೆ. ಆ ಗಡಿಯಾರ ಹೊರಗೆ ಇಡಿ. ಹೊರಗೆ ಯಾವುದೋ ಎಮ್ಮೆ ಉಸಿರಾಡ್ತಾ ಇದೆ, ದೂರ ಕಟ್ಟಿಸಿ." ಹಾಲಮ್ಮ ಎಮ್ಮೆಯನ್ನೂ ದೂರ ಕಟ್ಟಿಸಿದಳು. ಮಗನ ಮದುವೆ ನೋಡಿ!

ಆಮೇಲೆ ಅವರು ಕಣ್ಣು ಮುಚ್ಚಿ, "ಹ್ಞೂಂ, ಬರಲಿ" ಅಂದರು.

ಹಾಲಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸನ್ನೆ ಮಾಡಿದಳು. ಕೊಟ್ರೇಶಿ ಸ್ವಿಚ್ಚು ಹಾಕಿದ. ರೆಕಾರ್ಡು ತಿರುಗಿತು. ಮುಳ್ಳು ಇಳಿಸಿದ.

ಶಹನಾಯಿ ಬರಲಿಲ್ಲ.

ಹಾಲಮ್ಮ ಕಾದಳು. ಬರಲಿಲ್ಲ. ಚಿಕ್ಕ ಪೆಟ್ಟಿಗೆಯ ಕಡೆ ನೋ‍ಡಿದಳು. ಕೆಂಡದ ಚುಕ್ಕಿ ಇಲ್ಲ. ಎರಡು ವಾಲ್ವು, ಎರಡಕ್ಕೂ ಸುಣ್ಣದ ತಲೆ! ಹಿತ್ತಲ ಕಡೆ ತಿರುಗಿ ನೋಡಿದಳು. ಸಾಬರು ಹಾಕಿಕೊಟ್ಟ ಜೋಡಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಪುಡಿಪುಡಿಯಾಗಿ ಬಿದ್ದಿತ್ತು.

ಕಣ್ಣಿನಿಂದಲೇ ಮಗನನ್ನು ಒಳಗೆ ಕರೆದಳು. "ಏನೋ ಮಾಡಿದೆ?" ಅಂತ ಕಿವಿಯಲ್ಲಿ ಉಸುರಿದಳು.

"ತಟ್ಟಿ ನೋಡಿದೆನವ್ವ. ಸಾಬ್ರು ಹಾಕಿದ್ದವು ಟಿಕ್ ಅಂದ್ವು. ಬಿಸಾಕಿದೆ. ಗುರುವಾರ ನಾನು ತಂದಿದ್ನಲ್ಲ, ಅವು ತುಟಿ ಪಿಟ್ಟೆನ್ನಲಿಲ್ಲ! ಎಷ್ಟು ತಟ್ಟಿದರೂ ಗಪ್ ಚಿಪ್! ಅವೇ ಒಳ್ಳೇವು. ಹಾಕಿದೆ."

ಹಾಲಮ್ಮನ ಕೈ ಹಣೆಯ ತನಕ ಹೋಯಿತು. ಬಡಿದುಕೊಂಡರೆ ಬೀಗರಿಗೆ ಕೇಳಿಸುತ್ತದೆ ಅಂತ ಅಲ್ಲೇ ನಿಂತಿತು. ಮುಗಿಯಿತು. ಇನ್ನು ಅವರು ಕಣ್ಣು ತೆರೆಯುತ್ತಾರೆ, ಕೊಡೆ ತಗೊಳ್ಳುತ್ತಾರೆ, ಹೋಗುತ್ತಾರೆ.

ಬಾಗಿಲಿನಿಂದ ಇಣುಕಿದಳು.

ಗುರುಶಾಂತಪ್ಪನವರು ತಲೆದೂಗುತ್ತಿದ್ದರು!

ಹೌದ್ರಪ್ಪ, ತಲೆದೂಗುತ್ತಿದ್ದರು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ. ಮೊದಲು ಒಂದು ಕಣ್ಣು ಸ್ವಲ್ಪ ತೆರೆದು ನೋಡಿದ್ದರು. ರೆಕಾರ್ಡು ತಿರುಗುತ್ತಿತ್ತು, ಮುಳ್ಳು ಓಡುತ್ತಿತ್ತು, ಹುಡುಗ ಕೈಕಟ್ಟಿ ಭಕ್ತಿಯಿಂದ ನಿಂತಿದ್ದ. ಎಲ್ಲರಿಗೂ ಕೇಳಿಸುತ್ತಿದೆ, ನನಗೊಬ್ಬನಿಗೆ ಕೇಳಿಸುತ್ತಿಲ್ಲ! ಮೂವತ್ತು ವರ್ಷ ಊರಿನವರಿಗೆಲ್ಲ "ನಿಮಗೆ ಕಿವಿಯಿಲ್ಲ" ಅಂತ ಹೇಳಿಕೊಂಡು ಬಂದ ಮನುಷ್ಯ ಈಗ ಏನು ಹೇಳಬೇಕು?

"ಆಹಾ!" ಅಂದರು. "ನೋಡಿ ಹಾಲಮ್ಮನೋರೆ, ಹಿಂದೆ ಒಂದು ಸಣ್ಣ ಗುಂಯ್ ಇದೆಯೇನು? ಇಲ್ಲ! ಮೌನ ಅಂದ್ರೆ ಇದು! ಹಾಳು ಟ್ರಾನ್ಸಿಸ್ಟರಿಗೆ ಇದು ಸಾಧ್ಯವೇ? ಎಲ್ಲರ ಕಿವಿಗೂ ಇದು ಸಿಕ್ಕೋದಿಲ್ಲ ಬಿಡಿ."

"ಹೌದು ಬೀಗರೆ, ಎಲ್ಲರಿಗೂ ಸಿಕ್ಕೋದಿಲ್ಲ" ಅಂದಳು ಹಾಲಮ್ಮ. ಅವಳಿಗೆ ಹೋದ ಜೀವ ಬಂದಿತ್ತು. ಮನಸ್ಸಿನಲ್ಲೇ ಅಂದುಕೊಂಡಳು: ದೇವರೇ, ನನ್ನ ಮನೆಯಲ್ಲಿ ಒಬ್ಬನೇ ಅಂದುಕೊಂಡಿದ್ದೆ. ರಾಣೇಬೆನ್ನೂರಿಗೂ ಒಂದು ಕೊಟ್ಟಿದ್ದೀಯಲ್ಲಪ್ಪ!

ಮೂರು ನಿಮಿಷಕ್ಕೆ ರೆಕಾರ್ಡು ಮುಗಿಯಿತು. ಗುರುಶಾಂತಪ್ಪನವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಕಡೇ ತಿರುವಿನಲ್ಲಿ ಕರುಳು ಹಿಂಡಿಬಿಟ್ಟ" ಅಂದರು. "ಸಂಬಂಧ ಗಟ್ಟಿ! ತಾಂಬೂಲ ತನ್ನಿ."

ಹಾಲಮ್ಮನಿಗೆ ನೆಲ ಕಾಣಲಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಂದಳು. ಮೂರು ಹೆಜ್ಜೆ ದೂರ. ಎರಡು ಹೆಜ್ಜೆ. ಆಗ ಗುರುಶಾಂತಪ್ಪನವರು ಭಾವಿ ಅಳಿಯನ ಕಡೆ ತಿರುಗಿ, ಪ್ರೀತಿಯಿಂದ ಒಂದು ಮಾತು ಕೇಳಿದರು.

"ಅಲ್ಲಪ್ಪಾ, ಇಂಥ ವಾಲ್ವುಗಳನ್ನ ಹೇಗೆ ಆರಿಸಿದೆ?"

ಕೊಟ್ರೇಶಿ ಬಾಯಿ ತೆರೆಯಲಿಲ್ಲ. ಅವ್ವ ಹೇಳಿದ್ದಾಳೆ. ಕೈಯಲ್ಲಿ ಮಾಡಿ ತೋರಿಸಬೇಕು. ಕಿವಿಯಿಂದ ಪೆನ್ಸಿಲ್ಲು ತೆಗೆದ. ಹತ್ತಿರ ಬಂದ. ಬೀಗರ ತಲೆ ನೋಡಿದ, ಬೆಳ್ಳಗಿದೆ. ಬಗ್ಗಿ ಮೂಗಿನ ಹತ್ತಿರ ಕಿವಿ ಇಟ್ಟು ಕೇಳಿದ, ಗಾಳಿ ಆಡುತ್ತಿದೆ. ಪೆನ್ಸಿಲ್ಲು ಎತ್ತಿ ನಡುನೆತ್ತಿಯ ಮೇಲೆ ಎರಡೇಟು ತಟ್ಟಿದ. ಟೊಕ್! ಟೊಕ್!

"ಅಯ್ಯಯ್ಯಪ್ಪೋ!"

ಇಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಅವ್ವನಿಗೆ ಮೋಸವಾಗುವುದಿಲ್ಲವೇ?

"ಬೇಡವ್ವಾ, ಬೇಡ! ಇದನ್ನ ತಗೋಬೇಡ! ತಲೆ ಬೆಳ್ಳಗಾಗಿದೆ, ಒಳಗೆ ಗಾಳಿ ಹೊಕ್ಕಿದೆ, ತಟ್ಟಿದರೆ ಸದ್ದೂ ಮಾಡುತ್ತೆ!"

ಗುರುಶಾಂತಪ್ಪನವರು ಕೊಡೆ ತೆಗೆದುಕೊಂಡರು. ಹೊಸಿಲು ದಾಟಿದರು. ದಾಟಿ, ತಿರುಗಿ ನಿಂತು, ಬೆರಳು ಎತ್ತಿ ಹೇಳಿದರು. "ಹುಡುಗ ಬೇಡ! ಆದರೆ ಸೆಟ್ಟಿನ ವಿಷಯಕ್ಕೆ ಸುಳ್ಳು ಹೇಳೋದಿಲ್ಲ. ಅಂಥ ನಾದ ನಾನು ಈ ಜನ್ಮದಲ್ಲಿ ಕೇಳಿಲ್ಲ!"

ಇಡೀ ಬೆಳಗ್ಗೆ ಅವರು ಆಡಿದ ನಿಜ ಅದೊಂದೇ.

ಹಾಲಮ್ಮನ ಕೈಯಿಂದ ತಟ್ಟೆ ಜಾರಿತು. ತೆಂಗಿನಕಾಯಿ ಉರುಳಿಕೊಂಡು ಹೋಗಿ ಸತ್ತ ಸೆಟ್ಟಿನ ಕೆಳಗೆ ನಿಂತಿತು. ಬೆಳಗ್ಗೆಯಿಂದ ತಡೆದಿಟ್ಟಿದ್ದಳಲ್ಲ, ಈಗ ಎರಡೂ ಕೈ ಒಟ್ಟಿಗೇ ಎತ್ತಿದಳು.

ಟಪ್!!

ಕೊಟ್ರೇಶಿ ಗಕ್ಕನೆ ತಿರುಗಿದ. ಅವ್ವನ ಹಣೆ ನೋಡಿದ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಇವತ್ತು ಅದರ ಅರ್ಥ ಅವನಿಗೆ ಹೊಳೆಯಿತು. ಅವನ ಕಣ್ಣಲ್ಲಿ ನೀರು ತುಂಬಿತು.

"ಅವ್ವಾ... ನೀನೂನಾ?"

ಬೀದಿಯ ಕಡೆ ನೋಡಿದ. ಒಂದು ಆಗಲೇ ಹೊರಗೆ ಹೋಗಿದೆ. ಸಾಬರು ಹೇಳಿದ ಕಡೆಯ ಮಾತು ನೆನಪಾಯಿತು. ಕಣ್ಣೊರೆಸಿಕೊಂಡು, ಹಾಲಮ್ಮನ ರಟ್ಟೆ ಹಿಡಿದು, ಹೊಸಿಲಿಗೆ ಎಳೆದುಕೊಂಡು ಬಂದು, ಓಣಿಗೆ ಓಣಿಯೇ ಕಿವಿ ನಿಮಿರಿಸಿ ನಿಂತಿರುವಾಗ ಕೂಗಿದ:

"ಬೀಗರೇ! ಓ ಬೀಗರೇ! ನಿಲ್ಲಿ! ಒಂದು ಕೆಟ್ಟರೆ ಇನ್ನೊಂದನ್ನ ಇಟ್ಕೋಬಾರದಂತೆ! ನಮ್ಮವ್ವನ್ನೂ ಜತೆಗೆ ಕರಕೊಂಡು ಹೋಗಿ!"

ಗುರುಶಾಂತಪ್ಪನವರು ತಿರುಗಿ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿದರು. ಬಸ್ ಸ್ಟ್ಯಾಂಡಿಗೆ ಅವರು ಓಡಿದ ಓಟ ನೋಡಿದವರು, ಸತ್ತ ದಿನ ಖಲಂದರ್ ಸಾಬರೂ ಅಷ್ಟು ಓಡಿರಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.